ಇಸ್ತ್ರಿ ಅಜ್ಜಿಯ ಸಾಕ್ಷಿ

"ನನ್ನ ಮೊಮ್ಮಗಳಿಗೆ ಆ ಪುಸ್ತಕ ಅಂದ್ರೆ ಇಷ್ಟ. ಅದು ನಮಗೆ ಬೇಕು."

ಇಷ್ಟೇ ಮಾತು. ಇಸ್ತ್ರಿ ಅಜ್ಜಿ ಮಧ್ಯಾಹ್ನವಿಡೀ ಅದನ್ನೇ ಬಾಯಲ್ಲಿ ಹೊರಳಿಸುತ್ತಿದ್ದಳು. ಕಾಲರಿನ ಮೇಲೆ ಪೆಟ್ಟಿಗೆ ಒತ್ತುವಾಗೊಮ್ಮೆ, ತೋಳು ಮಡಚುವಾಗೊಮ್ಮೆ.

"ಯಾರ ಹತ್ರ ಮಾತಾಡ್ತಿದೀಯ ಅಜ್ಜಿ?" ಎಂದಳು ಮೊಮ್ಮಗಳು ಚೂಟಿ.

"ಷರಟಿನ ಹತ್ರ ಕಣೆ. ಅದು ನಿನ್ನ ಥರ ಎದುರು ಮಾತಾಡಲ್ಲ."

ಮಾತು ಹೇಳಿಕೊಟ್ಟವಳು ಲೈಬ್ರರಿಯ ಹುಡುಗಿ. ಹುಡುಗಿ ಎಂದರೆ ತಲೆಯಲ್ಲಿ ನಾಲ್ಕು ಬೆಳ್ಳಿ ಕೂದಲು ಇಣುಕಿದ್ದವು, ಆದರೆ ಅಜ್ಜಿಗೆ ಎಲ್ಲರೂ ಹುಡುಗಿಯರೇ. ಆ ಬೀದಿಯ ಲೈಬ್ರರಿಯಲ್ಲಿ ಒಂದು ಕಟ್ಟಳೆ ಇತ್ತು. ಒಬ್ಬರು ದೂರು ಕೊಟ್ಟರೆ ಸಾಕು, ಪುಸ್ತಕ ಕಬ್ಬಿಣದ ಬೀರು ಸೇರಬೇಕು. ಬೀಗದ ಕೈ ಸಮಿತಿಯ ಹಿರಿಯರಾದ ಹೆಡ್‌ಮಾಸ್ತರ ಜೇಬಿನಲ್ಲಿ. ಆ ಪುಸ್ತಕ ಮನೆಗೆ ಒಯ್ದು ಓದಿದವರು ಒಬ್ಬರಾದರೂ ಸಭೆಯಲ್ಲಿ ಎದ್ದು ನಿಂತು ನಮಗಿದು ಬೇಕು ಎಂದರೆ ಮರಳಿ ಕಪಾಟಿಗೆ ಬರುತ್ತದೆ. ಇಲ್ಲದಿದ್ದರೆ ರದ್ದಿಗೆ. ಅಂದು ಸಂಜೆಯ ಸಭೆಗೆ ಜನ ಬರಲಿ ಎಂದೇ ಲೈಬ್ರರಿಯವಳು ಒಂದು ಸಾಕ್ಷ್ಯಚಿತ್ರ ತರಿಸಿದ್ದಳು. ಎಲ್ಲೆಲ್ಲಿ ಯಾವ ಯಾವ ಪುಸ್ತಕಕ್ಕೆ ಬೀಗ ಬಿತ್ತು ಎಂಬುದರ ಕಥೆ ಅದು. ಮೊದಲು ಚಿತ್ರ, ಆಮೇಲೆ ಚರ್ಚೆ.

ಬೀರು ಸೇರಿದ್ದು ತೆಳ್ಳನೆಯ ಹಸಿರು ರಟ್ಟಿನ ಪುಸ್ತಕ. ಜೈಲಿನಲ್ಲಿರುವ ಅಮ್ಮನನ್ನು ನೋಡಲು ಹೋಗುವ ಪುಟ್ಟ ಹುಡುಗಿಯ ಕಥೆ, ಪುಟಪುಟಕ್ಕೂ ಚಿತ್ರ. ಅದರ ಅಚ್ಚು ನಿಂತುಹೋಗಿತ್ತು, ಅಂಗಡಿಯಲ್ಲಿ ಕೊಳ್ಳೋಣವೆಂದರೂ ಸಿಗದು.

ಚೂಟಿಯ ಅಮ್ಮನೂ ಜೈಲಿನಲ್ಲಿದ್ದಳು. ಅವಳು ಕೆಲಸಕ್ಕಿದ್ದ ಕಂಪನಿಯ ಮಾಲೀಕ ರಾತ್ರೋರಾತ್ರಿ ಓಡಿಹೋದ, ಅವನು ತೋರಿಸಿದಲ್ಲೆಲ್ಲ ಸಹಿ ಹಾಕಿದವಳು ಸಿಕ್ಕಿಬಿದ್ದಳು. ಬೀದಿಗೆ ಅಜ್ಜಿ ಹೇಳಿದ್ದೇ ಬೇರೆ: ಮಗಳು ಸಮುದ್ರದಾಚೆ ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕೆ ಹೋಗಿದ್ದಾಳೆ. ಮೊದಲು ಒಂದು ಸುಳ್ಳು, ಅದನ್ನು ಮುಚ್ಚಲು ಇನ್ನೊಂದು. ಬಟ್ಟೆ ಕೊಡಲು ಬಂದವರು ಮಗಳು ಹೇಗಿದ್ದಾಳೆ ಎಂದರೆ ಅಲ್ಲಿನ ಚಳಿ, ಅಲ್ಲಿನ ಲಿಫ್ಟು, ಅಲ್ಲಿನ ದೊಡ್ಡ ಡಾಕ್ಟರು ಎಲ್ಲ ಬರುತ್ತಿದ್ದವು. ಊರ ಬಾಯಿಗೆ ಬಿದ್ದ ಮಗು ಶಾಲೆಯಲ್ಲಿ ತಲೆಯೆತ್ತಿ ಕೂರುವುದು ಹೇಗೆ?

ಆದರೆ ತಿಂಗಳಿಗೊಮ್ಮೆ ಇಬ್ಬರೂ ಬಸ್ಸು ಹತ್ತಿ ನಿಜವಾದ ಅಮ್ಮನನ್ನು ನೋಡಿ ಬರುತ್ತಿದ್ದರು. ಬಂದ ಮೇಲೆ ಚೂಟಿ ಮಾತಾಡುತ್ತಿರಲಿಲ್ಲ, ಹಾಸಿಗೆ ಒದ್ದೆಯಾಗುತ್ತಿತ್ತು. ಅಜ್ಜಿ ಗುಟ್ಟಾಗಿ ಲೈಬ್ರರಿಯವಳ ಹತ್ತಿರ ಹೇಳಿಕೊಂಡು ಅತ್ತಾಗ ಅವಳು ಕಪಾಟು ತಡಕಿ ಕೊಟ್ಟದ್ದು ಆ ಹಸಿರು ಪುಸ್ತಕ. ಗಾಜಿನ ಈಚೆ ಮಗಳ ಅಂಗೈ, ಆಚೆ ಅಮ್ಮನ ಅಂಗೈ ಇರುವ ಪುಟ ಬಂದಾಗ ಚೂಟಿ ಕೇಳಿದ್ದಳು, "ಇವಳ ಅಮ್ಮಾನೂ ಬರೀ ಸಹಿ ಹಾಕಿದ್ದಾ ಅಜ್ಜಿ?" ಅಂದಿನಿಂದ ಮನೆಯೊಳಗೆ ಬಾಗಿಲು ಹಾಕಿಕೊಂಡು ಅವರಿಬ್ಬರೂ ನಿಜ ಮಾತಾಡತೊಡಗಿದ್ದರು. ಹಾಸಿಗೆ ಒಣಗಿತು.

ಸಂಜೆ ಲೈಬ್ರರಿಯ ಓದುವ ಕೋಣೆ ತುಂಬಿತ್ತು. ಮೇಜುಗಳನ್ನು ಗೋಡೆಗೆ ಒತ್ತರಿಸಿ, ಆ ಕಬ್ಬಿಣದ ಬೀರುವಿನ ಮೇಲೆಯೇ ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಚಿತ್ರದಲ್ಲಿ ಯಾರೋ ರಾಶಿ ರಾಶಿ ಪುಸ್ತಕ ಗಾಡಿಗೆ ತುಂಬುತ್ತಿದ್ದರು, ಬರಿದಾದ ಕಪಾಟಿನ ಮುಂದೆ ಮುದುಕನೊಬ್ಬ ಕಣ್ಣೊರೆಸಿಕೊಂಡ. ಜನ ಲೊಚಗುಟ್ಟಿದರು. ದೀಪ ಹತ್ತಿದಾಗ ಎಲ್ಲರ ಮುಖವೂ ಮೆತ್ತಗಾಗಿತ್ತು. ಇದೇ ಒಳ್ಳೆಯ ಹೊತ್ತು ಎಂದುಕೊಂಡಳು ಅಜ್ಜಿ.

ದೂರು ಕೊಟ್ಟವಳು ಬೇಕರಿಯಮ್ಮ. ಕೆಟ್ಟವಳಲ್ಲ. ಚೂಟಿ ಅಂಗಡಿ ಮುಂದೆ ಹಾದರೆ ಕರೆದು ಬನ್ನು ಕೊಡುವವಳು.

"ನೋಡಿ ಸಾರ್, ನಾನೇನು ಪುಸ್ತಕದ ವೈರಿ ಅಲ್ಲ," ಎಂದಳು. "ಆ ಮುದುಕನ್ನ ನೋಡಿ ನನಗೂ ಕಣ್ಣಲ್ಲಿ ನೀರು ಬಂತು. ಆದ್ರೆ ಅದು ಬೇರೆ, ಇದು ಬೇರೆ. ಜೈಲು, ಪೊಲೀಸು... ಹೂವಿನಂಥ ಮಕ್ಕಳಿಗೆ ಯಾಕೆ ಸಾರ್? ಅಂಥ ಮನೆ ಒಂದಾದ್ರೂ ಇದೆಯಾ ನಮ್ಮ ಬೀದೀಲಿ?"

"ಇಲ್ಲಮ್ಮ, ಇಲ್ಲ," ಎಂದರು ನಾಲ್ಕಾರು ಜನ.

ಹೆಡ್‌ಮಾಸ್ತರು ಕನ್ನಡಕ ಸರಿಪಡಿಸಿಕೊಂಡರು. "ಈ ಪುಸ್ತಕ ಓದಿದವರು ಯಾರಾದ್ರೂ ಇದ್ದರೆ ಎದ್ದು ನಿಂತು ಹೇಳಬಹುದು."

ಲೈಬ್ರರಿಯವಳು ಯಾರನ್ನೂ ನೋಡದೆ ನೆಲ ನೋಡುತ್ತಿದ್ದಳು. ಅಜ್ಜಿ ಚೂಟಿಯ ಕೈ ಹಿಡಿದುಕೊಂಡೇ ಮಂಡಿಗೆ ಇನ್ನೊಂದು ಕೈ ಊರಿ ಎದ್ದಳು.

"ಅಗೋ!" ಬೇಕರಿಯಮ್ಮನ ಮುಖ ಅರಳಿತು. "ಇಸ್ತ್ರಿ ಅಜ್ಜಿನೇ ಎದ್ರು ನೋಡಿ. ಇವ್ರನ್ನ ಕೇಳಿ ಸಾರ್! ಮಗಳು ಹೊಟ್ಟೆಪಾಡಿಗೆ ಸಮುದ್ರದಾಚೆ ಹೋಗಿ ದುಡೀತಾಳೆ. ಈ ಮಗೂನೂ ಅಮ್ಮನ್ನ ಬಿಟ್ಟೇ ಇದೆ, ಆದ್ರೆ ಎಂಥ ಮರ್ಯಾದೆಯ ದಾರೀಲಿ! ತಾಯಿ ದೂರ ಇರೋ ಮಗೂಗೆ ಜೈಲಿನ ಕಥೆ ಓದಿಸಿದ್ರೆ ಏನಂದ್ಕೊಳ್ಳತ್ತೆ? ಹೇಳಿ ಅಜ್ಜಿ, ನೀವೇ ಹೇಳಿ."

ಕೋಣೆಯೆಲ್ಲ ಅಜ್ಜಿಯತ್ತ ತಿರುಗಿತು. ಮೆಚ್ಚುಗೆಯಿಂದಲೇ ತಿರುಗಿತು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಬಾಯಿಪಾಠ ಮಾಡಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಈಗ ಅದನ್ನಾಡಿದರೆ ಮುಂದಿನ ಪ್ರಶ್ನೆ ಬಾರದೆ ಇರುವುದೇ? ಯಾಕಜ್ಜಿ ಇಷ್ಟ? ಇದೇ ಪುಸ್ತಕ ಯಾಕೆ? ಅತ್ತ ದರಿ, ಇತ್ತ ಪುಲಿ.

"ಏನಮ್ಮಾ," ಎಂದರು ಹೆಡ್‌ಮಾಸ್ತರು ಮೃದುವಾಗಿ, "ಮಗೂಗೆ ಈ ಪುಸ್ತಕ ಬೇಕಾ?"

ಚೂಟಿ ತಲೆಯೆತ್ತಿ ನೋಡುತ್ತಿದ್ದುದು ಅಜ್ಜಿಗೆ ತಿಳಿಯಿತು. ನೋಡದೆಯೇ ತಿಳಿಯಿತು.

"ನಮಗ್ಯಾಕೆ ಸಾರ್ ಅದೆಲ್ಲ," ಎಂದಿತು ಅಜ್ಜಿಯ ಬಾಯಿ.

ಜನ ಚಪ್ಪಾಳೆ ತಟ್ಟಿದರು. ಅಜ್ಜಿಯ ಮುಷ್ಟಿಯಿಂದ ಪುಟ್ಟ ಬೆರಳುಗಳು ಮೆಲ್ಲನೆ ಜಾರಿಕೊಂಡವು. ಪುಸ್ತಕ ರದ್ದಿಗೆ ಎಂದು ತೀರ್ಮಾನವಾಯಿತು. ಆಮೇಲೆ ಹೆಡ್‌ಮಾಸ್ತರು ಓದುವ ಹವ್ಯಾಸದ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು.

ಕುರ್ಚಿ ಎತ್ತಿಡುವ ಗದ್ದಲದಲ್ಲಿ ಲೈಬ್ರರಿಯವಳು ಹತ್ತಿರ ಬಂದಳು. "ನಾನೇ ಹೇಳಿಬಿಡಲಾ ಅನ್ನಿಸ್ತು ಅಜ್ಜಿ. ಆದ್ರೆ ನಿಮಗೆ ಮಾತು ಕೊಟ್ಟಿದ್ದೆ."

"ಹೇಳಲಿಲ್ಲವಲ್ಲ, ಪುಣ್ಯ ಕಟ್ಕೊಂಡೆ ತಾಯಿ," ಎಂದಳು ಅಜ್ಜಿ. ಆಡಿದ ಮೇಲೆ, ಹೇಳಿಬಿಟ್ಟಿದ್ದರೇ ಚೆನ್ನಾಗಿತ್ತೇನೋ ಎನ್ನಿಸಿತು. ಅದೂ ಖಚಿತವಾಗಿ ಅನ್ನಿಸಲಿಲ್ಲ.

ಮೆಟ್ಟಿಲಿಳಿಯುವಾಗ ಬೇಕರಿಯಮ್ಮ ಜೊತೆಯಾದಳು. "ಮಗಳು ಫೋನ್ ಮಾಡಿದ್ರೆ ನಾನು ಕೇಳ್ದೆ ಅಂತ ಹೇಳಿ ಅಜ್ಜಿ."

ಚೂಟಿಯೇ ಹೇಳಿದಳು, "ಹೇಳ್ತೀವಿ ಆಂಟಿ. ಈಗ ಅಲ್ಲಿ ರಾತ್ರಿ. ಅಮ್ಮ ಡ್ಯೂಟಿ ಮುಗಿಸಿ ಮಲಗಿರ್ತಾಳೆ."

ಎಲ್ಲೂ ತಡವರಿಸಲಿಲ್ಲ. "ಅಯ್ಯೋ, ಎಷ್ಟು ಜಾಣೆ!" ಎಂದು ಬೇಕರಿಯಮ್ಮ ಅವಳ ಕೆನ್ನೆ ಸವರಿ ಹೋದಳು.

ಮನೆಯ ಬೀದಿಗೆ ತಿರುಗಿದ ಮೇಲೆ ಅಜ್ಜಿ ಮೆಲ್ಲಗೆ ಶುರು ಮಾಡಿದಳು. "ನಾಳೆ ಬೇಗ ಏಳ್ಬೇಕು ಮಗಾ. ಮೊದಲ ಬಸ್ಸಿಗೇ ಹೋಗೋಣ. ಅಮ್ಮ ಕಾಯ್ತಿರ್ತಾಳೆ."

"ನಾನು ಬರಲ್ಲ."

"ಯಾಕೆ ಕಂದಾ? ನನ್ನ ಮೇಲೆ ಕೋಪಾನಾ? ಬೈಯಿ ಬೇಕಾದ್ರೆ."

"ಕೋಪ ಇಲ್ಲ ಅಜ್ಜಿ. ಅಮ್ಮ ಸಮುದ್ರದಾಚೆ ಇದಾಳಲ್ಲ. ಅಷ್ಟು ದೂರ ಬಸ್ಸು ಹೋಗಲ್ಲ."

ಅಲ್ಲಿ ಕೇಳುವವರು ಯಾರೂ ಇರಲಿಲ್ಲ. ಅಜ್ಜಿ ಬೀಗ ತೆಗೆದು ಒಳಗೆ ಹೋಗಿ, ಬಾಗಿಲು ಹಾಕಿ, ಚಿಲಕವನ್ನೂ ಹಾಕಿ ಮೊಮ್ಮಗಳ ಮುಂದೆ ಕೂತಳು.

"ಈಗ ಹೇಳು ಮಗಾ. ಈಗ ನಾವಿಬ್ಬರೇ."

ಚೂಟಿ ಅಮ್ಮನ ಆಸ್ಪತ್ರೆಯಲ್ಲಿ ಎಷ್ಟು ಮಹಡಿ ಇವೆ ಎಂದು ಕೇಳಿದಳು.