ಪಾದಕ್ಕೆ ಹೇಳಿದ ಪದ್ಯ

ನನಗೊಬ್ಬಳು ಸವತಿ ಇದ್ದಾಳೆ, ಹಳೇ ಕಾವ್ಯ. ನನ್ನ ಗಂಡ ಹನುಮಯ್ಯನವರು ಕುರುಬರಹಳ್ಳಿಯ ರಾಮಮಂದಿರದಲ್ಲಿ ಪ್ರತಿ ಶನಿವಾರ ಅವಳನ್ನು ರಾಗವಾಗಿ ಹಾಡುತ್ತಾರೆ, ಸಾಲು ಮುಗಿದಾಗಲೆಲ್ಲ ತಲೆದೂಗುತ್ತಾರೆ. ಮನೆಯಲ್ಲಿ ದಿನಾ ಅದರ ಅಭ್ಯಾಸ. ನಾನು ಸಾರಿಗೆ ಒಗ್ಗರಣೆ ಹಾಕುತ್ತಾ ಹೊಟ್ಟೆ ಉರಿಸಿಕೊಳ್ಳುತ್ತೇನೆ. ಮದುವೆಯಾದಾಗಿನಿಂದ ಇದೇ ಪಾಡು.

ಮೊನ್ನೆ ಶನಿವಾರ ಹೊಳೆ ದಾಟುವವರ ಪದ್ಯ ಹಾಡುತ್ತಿದ್ದವರು ಮೂರನೇ ಸಾಲಿಗೆ ನಿಂತುಬಿಟ್ಟರು. ನಾಲಿಗೆಯ ತುದಿಯಲ್ಲಿದ್ದ ಪದ್ಯ, ಮುಂದಿನ ಸಾಲು ಬರಲೇ ಇಲ್ಲ. ಬಲಗೈ ಜೋಮು ಹಿಡಿಯಿತು. ಮಿದುಳಿನ ಸ್ಕ್ಯಾನ್ ಆಗದೆ ಏನೂ ಹೇಳಲಾಗದು, ತಡ ಮಾಡಬೇಡಿ ಎಂದರು ಡಾಕ್ಟರು. ಹೃದಯ ವೀಕು, ಅರವಳಿಕೆ ಕೊಟ್ಟರೆ ಅಪಾಯ ಎಂದೂ ಹೇಳಿದರು.

ರಾಜಾಜಿನಗರದ ಸ್ಕ್ಯಾನ್ ಸೆಂಟರಿನಲ್ಲಿ ದುಂಡೇಶ ಅಂತ ಬಾಗಲಕೋಟೆ ಕಡೆಯ ಟೆಕ್ನಿಷಿಯನ್. ಇವರನ್ನು ಮಷೀನಿನ ಕೊಳವೆಯೊಳಗೆ ತಳ್ಳಿ ಕೈಗೊಂದು ರಬ್ಬರ್ ಬಲ್ಬು ಕೊಟ್ಟ, ಗಾಬರಿಯಾದರೆ ಹಿಸುಕಲು. ಇವರು ಒಳಗೆ ಹೋದ ಕೂಡಲೇ ಹಿಸುಕಿದರು.

"ಬಾವಿಗೆ ಇಳಿಸ್ದಂಗಾಯ್ತು ಕಣೇ," ಎಂದರು ಹೊರಗೆ ಬಂದು. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ನಿಮ್ಮ ಪದ್ಯ ಹೇಳ್ಕೊಂಡು ಮಲಗಿ, ಭಯ ಆಗಲ್ಲ," ಎಂದೆ. ಆಗಲೇ ನನ್ನ ಬಾಯಿಗೆ ಬೀಗ ಹಾಕಬೇಕಿತ್ತು. ಎರಡನೇ ಸಲ ದುಂಡೇಶ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದ.

"ಅಮ್ಮಾರ, ಅಜ್ಜಾರು ಅಂಜಲಿಲ್ರಿ. ಆದ್ರ ಹಾಡಿನ ಗುಂಗಿನ್ಯಾಗ ತಲಿ ಆಡಸ್ತಾರ. ಚಿತ್ರ ಎಲ್ಲಾ ಕಲಸಿಹೋಗ್ಯಾವ. ಇನ್ನೊಂದ್ ಸಲ ಹಿಂಗಾದ್ರ ಅರವಳಿಕಿ ಕೊಟ್ಟೇ ಮಾಡಬೇಕಾಗ್ತೈತ್ರಿ."

ಪದ್ಯ ಹೇಳಿಕೊಂಡರೆ ತಲೆ ತೂಗುತ್ತದೆ, ಹೇಳದಿದ್ದರೆ ಬಾವಿ. ಅರವಳಿಕೆ ಕೊಟ್ಟರೆ ಹೃದಯ ತಡೆಯದು.

"ನಾನು ಒಳಗೆ ಬರ್ತೀನಪ್ಪ. ನಾನೇ ಹೇಳ್ತೀನಿ, ಅವರು ಕೇಳ್ಲಿ. ತಾವು ಹಾಡಿದ್ರೆ ಮಾತ್ರ ಅವರು ತಲೆ ತೂಗೋದು."

"ಆ ಗದ್ದಲದಾಗ ಏನೂ ಕೇಳಂಗಿಲ್ರಿ, ಕಿವಿನೂ ಮುಚ್ಚಿರ್ತೀವಿ. ಬೇಕಾದ್ರ ಕಾಲ್ ಹತ್ರ ನಿಂದರ್ರಿ. ಮೈಮ್ಯಾಲಿನ ಲೋಹ ಎಲ್ಲಾ ತಗೀಬೇಕು."

"ತಾಳೀನೂ?"

"ತಾಳೀನೂ ರೀ."

ಈ ಕತ್ತಿನಿಂದ ಅದು ಒಂದು ದಿನವೂ ಇಳಿದಿರಲಿಲ್ಲ. ಇವರ ತಲೆ ಒಳಗೆ ಏನಾಗಿದೆಯೋ ಗೊತ್ತಿಲ್ಲದ ಹೊತ್ತಿನಲ್ಲಿ ಇಳಿಸಬೇಕಾಯಿತು. ಮನಸ್ಸಿನಲ್ಲಿ ದೇವರಿಗೆ ನಾಲ್ಕು ಮಾತು ಬೈದು, ಬಿಚ್ಚಿ ಪರ್ಸಿಗೆ ಹಾಕಿದೆ.

ಮಷೀನು ಬೋರ್‌ವೆಲ್ ಕೊರೆಯುವ ಹಾಗೆ ಅಬ್ಬರಿಸತೊಡಗಿತು. ಇವರ ಎಡಪಾದ ಹಿಡಿದೆ. ಗಡಗಡ ನಡುಗುತ್ತಿತ್ತು. ಅಂಗಾಲಿನ ಮೇಲೆ ತಟ್ಟಲು ಶುರು ಮಾಡಿದೆ. ಗಿಡ್ಡ ಅಕ್ಷರಕ್ಕೆ ಬೆರಳು, ಉದ್ದ ಅಕ್ಷರಕ್ಕೆ ಅಂಗೈ. ಮೂರು, ನಾಲ್ಕು, ಮೂರು, ನಾಲ್ಕು. ಇವರು ಹಾಡುವ ಆರು ಸಾಲಿನ ಪದ್ಯದ ಮಾತ್ರೆಗಳು ನಡೆಯುವುದೇ ಹಾಗೆ. ಒಗ್ಗರಣೆ ಸೌಟು ಹಿಡಿದೇ ನಾನು ಸವತಿಯ ನಡಿಗೆ ಕಲಿತಿದ್ದೆ. ಇವರಿಗೆ ಅದು ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ.

ಕೈಗೆ ಬಂದದ್ದು ಅದೇ ಹೊಳೆ ದಾಟುವವರ ಪದ್ಯ. ಎರಡನೇ ಸಾಲಿಗೆ ಪಾದದ ನಡುಕ ನಿಂತಿತು. ಇವರಿಗೆ ಪದ್ಯ ಗುರುತು ಸಿಕ್ಕಿತ್ತು. ಮೂರನೇ ಸಾಲು ಮುಗಿಯುವ ಹೊತ್ತಿಗೆ ಶನಿವಾರ ಇವರು ಅಲ್ಲೇ ನಿಂತದ್ದು ನೆನಪಾಗಿ ನನ್ನ ಕೈ ನಿಂತೇಹೋಯಿತು. ಇವರ ಕಾಲಿನ ಹೆಬ್ಬೆರಳು ಸೆಟೆಯಿತು. ಈಗ ಬಲ್ಬು ಹಿಸುಕುತ್ತಾರೆ, ಎಲ್ಲ ಮುಗಿಯಿತು ಅಂದುಕೊಂಡೆ. ಹಲ್ಲು ಕಚ್ಚಿ ನಾಲ್ಕನೇ ಸಾಲಿಗೆ ಹೋದೆ. ಪದ್ಯ ಮುಗಿದರೆ ಮತ್ತೆ ಮೊದಲಿಂದ ತಟ್ಟಿದೆ, ಅಂಗೈ ಉರಿಯುವವರೆಗೂ ತಟ್ಟಿದೆ.

ಅಬ್ಬರ ನಿಂತಿತು. ದುಂಡೇಶ ಬಾಗಿಲು ತೆಗೆದು, "ಚಿತ್ರ ಚಲೋ ಬಂದಾವ್ರಿ," ಎಂದ.

ಹೊರಗೆ ಬಂದವರು ಮೊದಲು ಹೇಳಿದ್ದು, "ಮೂರನೇ ಸಾಲಿನ ಕೊನೇಲಿ ಒಂದೇಟು ಬಿಟ್ಟೆ ಕಣೇ ಯಶೋದಾ."

ತಾಳಿ ಬಿಚ್ಚಿ ನಿಂತವಳಿಗೆ ಇದು ಬಹುಮಾನ. ಸಿಟ್ಟು ನೆತ್ತಿಗೇರಿತು. "ನಿಮಗೆ ತಪ್ಪು ಹುಡುಕೋದೇ ಆಯ್ತು," ಎಂದೆ.

"ಇಲ್ಲ ಕಣೇ. ಅಲ್ಲೀವರೆಗೂ ನಂಗೆ ಜೀವಭಯ. ನೀನು ಬಿಟ್ಟ ತಕ್ಷಣ, ಅಯ್ಯೋ ಇವಳಿಗೇನಾಯ್ತೋ ಅನ್ನಿಸ್ತು. ನನ್ನ ಭಯ ಮರ್ತೇಹೋಯ್ತು."

ನನಗೆ ಅಳು ತಡೆಯಲಾಗಲಿಲ್ಲ. ರಿಪೋರ್ಟು ಬರುವುದು ನಾಳೆ, ಅದರಲ್ಲಿ ಏನಿದೆಯೋ ದೇವರಿಗೇ ಗೊತ್ತು. ಇವರು ಜೋಮು ಹಿಡಿದ ಕೈಯಲ್ಲೇ ನನ್ನ ಪರ್ಸು ತೆಗೆದು, ತಡವರಿಸುತ್ತಾ ತಾಳಿಯನ್ನು ನನ್ನ ಕತ್ತಿಗೆ ಹಾಕಿದರು. ಹಾಕುತ್ತಾ, ಶನಿವಾರ ಬಾರದೇ ಹೋದ ನಾಲ್ಕನೇ ಸಾಲನ್ನು ಮೆಲ್ಲಗೆ ಪೂರ್ತಿ ಹೇಳಿದರು. ಸಾಲು ಮುಗಿದಾಗ ತಲೆದೂಗಿದರು. ನಾನೂ ತೂಗಿದೆ.