ಬುನ್‌ಕಿಚಿಯ ತೊಟ್ಟಿಗೆ ಐದು ಕಲ್ಲು

ಇದು ನಡೆದದ್ದು. ಸುಳ್ಳು ಬೆರೆಸಲು ನನಗೆ ಬರುವುದಿಲ್ಲವೆಂದಲ್ಲ. ಈ ಕಥೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ಅಷ್ಟೆ.

ನಾಗಾಒಕಾ ಪಟ್ಟಣದ ಇಕಾರಾಶಿ ಮೇಷ್ಟ್ರ ಅಕ್ವೇರಿಯಂ ಅಂಗಡಿಯಲ್ಲಿ ನಾನು, ಕುವಾಬಾರಾ, ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದೆ. ಕಾಲೇಜಿನಲ್ಲಿ ಓದಿದ್ದು ಸಸ್ಯಶಾಸ್ತ್ರ; ಅದಕ್ಕಿಂತ ಚೆನ್ನಾಗಿ ಕಲಿತದ್ದು ಪಾಠ ಮಾಡುವವರ ದನಿಯನ್ನು ಅನುಕರಿಸುವುದು. ಮೇಷ್ಟ್ರು ಮಾರುತ್ತಿದ್ದದ್ದು ಮೀನಾದರೂ ಹೆಸರು ಮಾಡಿದ್ದು ಕಲ್ಲಿನಲ್ಲಿ. ಗಾಜಿನ ತೊಟ್ಟಿಯ ಮಣ್ಣಿನ ಮೇಲೆ ಐದೋ ಏಳೋ ಕಲ್ಲು ಇಟ್ಟು, ಸುತ್ತ ಗಿಡ್ಡ ಹುಲ್ಲು ನೆಟ್ಟು ನೀರು ತುಂಬಿಸಿದರೆ ಮೂರಡಿ ಜಾಗದಲ್ಲಿ ಒಂದು ಬೆಟ್ಟಸಾಲೇ ಎದ್ದು ನಿಲ್ಲುತ್ತಿತ್ತು. ಕಲ್ಲುಗಳ ಸಂಖ್ಯೆ ಬೆಸವಾಗಿಯೇ ಇರಬೇಕು. ಎಲ್ಲಕ್ಕಿಂತ ದೊಡ್ಡದಾದ ತಾಯಿಕಲ್ಲು ನಟ್ಟನಡುವೆ ನಿಲ್ಲಬಾರದು. ಒಂದೇ ಹೊಳೆ ತಿದ್ದಿ ಹೋದ ಹಾಗೆ ಎಲ್ಲ ಕಲ್ಲಿನ ಗೆರೆಗಳೂ ಒಂದೇ ಕಡೆಗೆ ವಾಲಬೇಕು. ಕಡೆಗೆ ಒಂದು ‘ಬಿಟ್ಟ ಕಲ್ಲು’. ಮೂರು ತಿಂಗಳಲ್ಲಿ ಹುಲ್ಲು ಬೆಳೆದು ಮುಚ್ಚಿಬಿಡುತ್ತದೆಂದು ಗೊತ್ತಿದ್ದೂ ಇಡುವ ಪುಟ್ಟ ಕಲ್ಲು ಅದು.

ಈ ಬಿಟ್ಟ ಕಲ್ಲಿನ ವಿಷಯವಾಗಿ ಮೇಷ್ಟ್ರಿಗೂ ಬುನ್‌ಕಿಚಿಗೂ ನಲವತ್ತು ವರ್ಷದ ಜಗಳ. ಬುನ್‌ಕಿಚಿ ಬಿಸಿನೀರ ಬುಗ್ಗೆಯ ಪಕ್ಕದ ವಸತಿಗೃಹದ ಯಜಮಾನ, ಮೇಷ್ಟ್ರ ಜೊತೆಗೇ ಬೆಳೆದವನು, ಅವರನ್ನು ‘ತೊಕು’ ಎಂದು ಕರೆಯುತ್ತಿದ್ದ ಒಬ್ಬನೇ ಮನುಷ್ಯ. ಬುಧವಾರ ಬುಧವಾರ ಬಂದು, ನಮ್ಮ ಚಹಾ ಕುಡಿದು, ನಮ್ಮ ತೊಟ್ಟಿಗಳನ್ನೆಲ್ಲ ಬಯ್ದು ಹೋಗುತ್ತಿದ್ದ. ಗಂಟಲಿನಲ್ಲಿ ಮರಳು ಸಿಕ್ಕಿಕೊಂಡಂಥ ದನಿ. ಪ್ರತಿ ಮಾತಿಗೂ ಮೊದಲು ಮೂಗಿನಲ್ಲೊಂದು ‘ಹ್ಞೂಂ’. ಅವನ ಮುಂದೆಯೇ ಅವನ ಹಾಗೆ ಮಾತಾಡಿ ಎಷ್ಟೋ ಸಲ ಅವನಿಂದಲೇ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ.

ಶರತ್ಕಾಲದಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಕಾಲು ಚೇತರಿಸಿಕೊಂಡಿತು, ಬಲಗೈಯೂ ಬಾಯಿಯ ಒಂದು ಪಕ್ಕವೂ ಮಾತ್ರ ಮರಳಲಿಲ್ಲ. ಹೊಸ ವರ್ಷದ ಮೊದಲ ವಾರದಲ್ಲಿ ಬುನ್‌ಕಿಚಿ ತೀರಿಕೊಂಡ. ಅವನ ಹೆಂಡತಿ, ವಸತಿಗೃಹದ ಮುಂಬಾಗಿಲಲ್ಲಿದ್ದ ತೊಟ್ಟಿಯನ್ನು ಖಾಲಿ ಮಾಡಿಸಿ ನಮ್ಮಲ್ಲಿಗೆ ಕಳಿಸಿದಳು. ಸಾವಿನ ನಲವತ್ತೊಂಬತ್ತನೆಯ ದಿನದ ಪೂಜೆಗೆ ಮೇಷ್ಟ್ರೇ ಕಲ್ಲಿಟ್ಟು ಕೊಡಬೇಕೆಂದು ಅವಳ ಬೇಡಿಕೆ.

‘ನೀವೇ ಇಡಿ, ನನ್ನ ಕೈ ಹೋಯ್ತು’ ಎಂದರು ಮೇಷ್ಟ್ರು. ನಾನೂ, ಗಿಡ ನೆಡುವ ಚಿಜುಎ ಅಕ್ಕನೂ ಮೂರು ಸಲ ಇಟ್ಟೆವು. ಮೂರು ಸಲವೂ ಲಾರಿಯಿಂದ ಇಳಿಸಿದ ಸಾಮಾನಿನಂತೆ ಕಂಡಿತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಕಿಟಕಿಯಾಚೆಯ ಹಿಮ ನೋಡುತ್ತಿದ್ದರು. ತೊಟ್ಟಿಯನ್ನು ಖಾಲಿಯಾಗಿಯೇ ವಾಪಸು ಕಳಿಸಿ, ಕ್ಷಮೆ ಕೇಳಿ ಒಂದು ಪತ್ರ ಬರೆದುಬಿಡಿ ಎಂದು ಒಂದು ದಿನ ಅಕ್ಕನಿಗೆ ಹೇಳಿದರಂತೆ.

ಅಕ್ಕ ನನ್ನನ್ನು ಹಿಂದಿನ ಕೋಣೆಗೆ ಕರೆದಳು.

“ಬುನ್‌ಕಿಚಿಗೇ ಇಡದೋರು ಇನ್ಯಾರಿಗೆ ಇಡ್ತಾರೆ? ಇದೊಂದು ತಪ್ಪಿದ್ರೆ ಇವರು ಇನ್ನು ಕಲ್ಲು ಮುಟ್ಟಲ್ಲ. ಆ ಸ್ಟೂಲಿಂದಾನೂ ಏಳಲ್ಲ.”

ನನ್ನ ಉಪಾಯ ಕೇಳಿ ಅವಳು ಮೊದಲು ಬಯ್ದಳು. ಸತ್ತವರ ಜೊತೆ ಹುಡುಗಾಟವೇ ಎಂದಳು. ಪೂಜೆಗೆ ಇನ್ನು ಎರಡೇ ದಿನ ಉಳಿದಾಗ ತಾನಾಗಿಯೇ ಬಂದು, ಆಗಲಿ ಎಂದಳು.

ಮರುದಿನ ಬೆಳಿಗ್ಗೆ ಮೇಷ್ಟ್ರು ಮಹಡಿಯಿಂದ ಇಳಿಯುವಷ್ಟರಲ್ಲಿ ತೊಟ್ಟಿಯಲ್ಲಿ ಬೇಕೆಂದೇ ನಾಲ್ಕೇ ಕಲ್ಲು ನೆಟ್ಟಿದ್ದೆವು. ನಾಲ್ಕೂ ನೆಟ್ಟಗೆ ನಿಂತಿದ್ದವು, ದೊಡ್ಡದು ನಟ್ಟನಡುವೆ, ಗೆರೆಗಳು ಒಂದೊಂದೂ ಒಂದೊಂದು ದಿಕ್ಕಿಗೆ. ನಾನು ಮಣ್ಣಿನ ಮೂಟೆಗಳ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಮೇಷ್ಟ್ರು ಬಂದರು, ಕೂತರು, ತೊಟ್ಟಿಯನ್ನು ನೋಡಿದರು, ಮುಖ ತಿರುಗಿಸಿದರು.

“ಹ್ಞೂಂ. ಲೋ ತೊಕು, ನನ್ನ ತೊಟ್ಟೀಲಿ ಸ್ಮಶಾನ ಕಟ್ಟಿದೀಯಲ್ಲೋ. ಸತ್ತೋನು ನಾನೋ, ಮೀನುಗಳೋ?”

ಬುನ್‌ಕಿಚಿಯ ದನಿ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದುಬಿಟ್ಟಿತ್ತು. ಮೂಟೆಗಳ ಸಂದಿಯಿಂದ ನೋಡಿದರೆ ಅಕ್ಕ ಕಣ್ಣು ಮುಚ್ಚಿ ನಿಂತಿದ್ದಳು. ಮೇಷ್ಟ್ರ ಬೆನ್ನು ಅಲುಗಲಿಲ್ಲ. ತಪ್ಪು ಮಾಡಿದೆ, ಎದ್ದು ಹೋಗಿ ಕಾಲಿಗೆ ಬೀಳೋಣ ಎಂದುಕೊಳ್ಳುತ್ತಿದ್ದೆ.

“ನಾನಿಟ್ಟಿದ್ದಲ್ಲ,” ಎಂದರು ಮೇಷ್ಟ್ರು, ತೊಟ್ಟಿಯ ಕಡೆಗೇ ನೋಡುತ್ತ.

“ಹಂಗಾದ್ರೆ ನೀನಿಡು.”

“ಬಲಗೈ ಇಲ್ಲ.”

“ನಾನು ಪೂರ್ತೀನೇ ಇಲ್ಲ. ನಿಂಗೊಂದು ಕೈ ತಾನೆ?”

ಮೇಷ್ಟ್ರು ಎದ್ದರು. ಅಂಗಿಯ ಎಡತೋಳು ಮಡಚಿಕೊಡಲೆಂದು ಕೈಯನ್ನು ಅಕ್ಕನ ಕಡೆ ಚಾಚಿದರು. ನಾಲ್ಕು ಕಲ್ಲನ್ನೂ ಕಿತ್ತು ಹೊರಗಿಟ್ಟು, ಬುಟ್ಟಿಯೆಲ್ಲ ತಡಕಿ, ಬಿಳಿಗೆರೆಯ ಬೂದುಗಲ್ಲೊಂದನ್ನು ಎತ್ತಿ ಮಣ್ಣಿಗೆ ಒತ್ತಿದರು. ಅವರ ತಾಯಿಕಲ್ಲು ಜೀವಮಾನವೆಲ್ಲ ಎಡಕ್ಕೆ ವಾಲುತ್ತಿತ್ತು. ಎಡಗೈ ಅದನ್ನು ಬಲಕ್ಕೆ ವಾಲಿಸಿತು. ಅವರು ಅದನ್ನೇ ನೋಡುತ್ತ ನಿಂತರು. ಕಿತ್ತುಬಿಡುತ್ತಾರೆಂದುಕೊಂಡೆ. ಕೀಳಲಿಲ್ಲ. ಎರಡನೆಯ ಕಲ್ಲನ್ನೂ ಬಲಕ್ಕೆ ತಿರುಗಿಸಿದರು, ಮೂರನೆಯದನ್ನೂ, ನಾಲ್ಕನೆಯದನ್ನೂ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರ ಹೊಳೆ ಹಿಂದಕ್ಕೆ ಹರಿಯಿತು.

ನಾನು ಸುಮ್ಮನಿರಲಿಲ್ಲ. ಇದು ಕುಡಿದು ಬಂದವನ ಹಾಗಿದೆ, ಅದು ಕರೆಯದೆ ಬಂದ ನೆಂಟನ ಹಾಗಿದೆ ಎಂದು ಬುನ್‌ಕಿಚಿಯ ಬಾಯಲ್ಲಿ ಬಯ್ಯುತ್ತಲೇ ಹೋದೆ. ಮೇಷ್ಟ್ರು ಒಂದೊಂದಕ್ಕೂ ತಿರುಗಿ ಬಯ್ದರು, ಒಂದೆರಡು ಕಡೆ ಒಪ್ಪಿ ತಿದ್ದಿದರು. ಬೆವರಿದ್ದರು. ಕಡೆಗೆ ತಾಯಿಕಲ್ಲಿನ ಬುಡದಲ್ಲಿ ಬೆರಳುದ್ದದ ಬಿಟ್ಟ ಕಲ್ಲನ್ನು ಒತ್ತಿದರು.

“ಇದ್ಯಾಕೋ? ಹುಲ್ಲು ಬಂದ್ರೆ ಯಾರಿಗೆ ಕಾಣತ್ತೆ?”

ನಲವತ್ತು ವರ್ಷ ಈ ಪ್ರಶ್ನೆಗೆ ಅವರು ಕೊಡುತ್ತಿದ್ದ ಉತ್ತರ ‘ಬಾಯ್ಮುಚ್ಚು’ ಎಂಬುದೊಂದೇ.

“ಕಾಣ್ದೆ ಹೋದ್ರೂ ಉಳಿದ ನಾಲ್ಕನ್ನ ಅದೇ ಹಿಡ್ಕೊಂಡಿರತ್ತೆ ಕಣೋ, ಬುನ್,” ಎಂದರು.

ಎದುರಿಗೆ ಐದು ಕಲ್ಲುಗಳು ಗಾಳಿಗೆ ಬೆನ್ನು ಕೊಟ್ಟವರಂತೆ ನಿಂತಿದ್ದವು. ಅನುಕರಣೆಯ ಎಚ್ಚರ ತಪ್ಪಿಹೋಯಿತು.

“ಹ್ಞೂಂ. ಚೆನ್ನಾಗಿದೆ ಕಣೋ, ತೊಕು.”

ಮೇಷ್ಟ್ರ ಕೈ ನಿಂತಿತು. ಭುಜ ಅದುರಿತು. ಅಳುತ್ತಿದ್ದಾರೆಂದು ಅಕ್ಕ ಓಡಿ ಬಂದಳು.

“ಹೊರಗೆ ಬಾರೋ, ಕುವಾಬಾರಾ,” ಎಂದರು. “ಇಲ್ಲೀವರೆಗೂ ಸರಿಯಾಗೇ ಇತ್ತು. ಹಾಳು ಮಾಡ್ಕೊಂಡೆ. ಆ ಬಡ್ಡಿಮಗ ಹುಟ್ಟಿದಾಗಿಂದ ಒಂದ್ಸಲನಾದ್ರೂ ನಂಗೆ ‘ಚೆನ್ನಾಗಿದೆ’ ಅಂದಿದ್ನೇನೋ?”

ನಾನು ಮೂಟೆಗಳ ಹಿಂದಿನಿಂದ ಎದ್ದೆ, ತಲೆಯ ಮೇಲೆಲ್ಲ ಮಣ್ಣು. ಅಕ್ಕ ಅಳುತ್ತಲೇ ನಗತೊಡಗಿದಳು, ನನಗೂ ತಡೆಯಲಾಗಲಿಲ್ಲ. ಆದರೆ ನಮ್ಮಿಬ್ಬರ ನಗುವೂ ಮೇಷ್ಟ್ರ ನಗುವಿನಲ್ಲಿ ಮುಳುಗಿಹೋಯಿತು. ಅರ್ಧ ಬಾಯಿ ಮಾತು ಕೇಳದೆ ಜೋತುಬಿದ್ದಿತ್ತು. ಇನ್ನರ್ಧದಲ್ಲಿ, ತೊಟ್ಟಿಯ ಅಂಚನ್ನು ಎಡಗೈಯಲ್ಲಿ ಹಿಡಿದುಕೊಂಡು, ಅವರು ಅಂಗಡಿಯೆಲ್ಲ ಕೇಳುವಂತೆ ನಗುತ್ತಿದ್ದರು.