ನಲ್ಲಿ ಮುಟ್ಟುವವರೆಗೆ

ಕೆಮಿಸ್ಟ್ರಿ ಲ್ಯಾಬಿನ ಮೇಡಂ ಈಗ ಏನು ಬೇಕಾದರೂ ಕೇಳುತ್ತಾರೆ, ‘ಅರ್ಥ ಆಯ್ತಾ?’ ಎಂದು ಮಾತ್ರ ಕೇಳುವುದಿಲ್ಲ. ಹೋದ ವರ್ಷ ಕೇಳಿದ್ದರು. ಬೇರೆ ಭಾಷೆಯ ನಾಡಿನಿಂದ ಓದಲು ಬಂದಿದ್ದ ಉದ್ದ ಜಡೆಯ ಹುಡುಗಿ ಕೋಲೆ ಬಸವನ ಹಾಗೆ ಗೋಣು ಆಡಿಸಿದ್ದಳು. ಗೋಣು ಆಡಿಸುವುದಕ್ಕೆ ಯಾವ ಭಾಷೆ ಬೇಕು? ಆಸಿಡ್ ಸಿಡಿದು ಅವಳ ಕಣ್ಣಿಗೆ ಬಿದ್ದಾಗ ಮೇಡಂ ಲ್ಯಾಬಿನ ಆ ತುದಿಯಲ್ಲಿದ್ದರು. ‘ಎಡಕ್ಕೆ! ನೀರಿನ ಹತ್ರ ಹೋಗು!’ ಎಂದು ಗಂಟಲು ಹರಿಯುವಂತೆ ಕೂಗಿದರು. ಕಣ್ಣು ತೊಳೆಯುವ ನಲ್ಲಿ ಅವಳ ಮಗ್ಗುಲಲ್ಲೇ ಇತ್ತು. ಹುಡುಗಿ ಎರಡೂ ಕೈ ಮುಂದೆ ಚಾಚಿಕೊಂಡು ಬಾಗಿಲ ಕಡೆ ಓಡಿದಳು. ಮೇಡಂ ಸ್ಟೂಲುಗಳನ್ನು ಎಡವಿಕೊಂಡು ಹೋಗಿ ಹಿಡಿದು ತರುವಷ್ಟರಲ್ಲಿ ಹೊತ್ತು ಮೀರಿತ್ತು. ಆಮೇಲೆ ಅವಳ ಅಪ್ಪ ಬಂದು, ಕಣ್ಣು ಕಳೆದುಕೊಂಡ ಮಗಳನ್ನು ಕೈ ಹಿಡಿದು ಊರಿಗೆ ಕರೆದುಕೊಂಡು ಹೋದರು.

ಅಂದಿನಿಂದ ಆ ಎರಡು ಕೈಗಳು ಮೇಡಂ ಬೆನ್ನು ಬಿಟ್ಟಿಲ್ಲ. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದರೆ ಹಿಂದೆ ಯಾರೋ ತಡಕಾಡಿದ ಹಾಗಾಗುತ್ತದೆ. ತಿರುಗಿ ನೋಡಿದರೆ ಗಂಡ, ಕೈಯಲ್ಲಿ ಲೋಟ. ‘ನಾನೇ ಕಣೇ, ದೆವ್ವ ಅಲ್ಲ’ ಎನ್ನುತ್ತಾರೆ ಪಾಪ. ದೆವ್ವವಾಗಿದ್ದರೆ ಚೆನ್ನಾಗಿತ್ತು, ಓಡಿಸಬಹುದಿತ್ತು.

ಈ ವರ್ಷ ಅದೇ ಬೆಂಚಿನಲ್ಲಿ ಇನ್ನೊಬ್ಬಳು. ಅವಳೂ ಹೊರಗಿನವಳು, ಇಲ್ಲಿಯ ಭಾಷೆಯಲ್ಲಿ ನಾಲ್ಕು ಮಾತು ಬಂದರೆ ಹೆಚ್ಚು. ಮೇಡಂ ಬಾಯಿ ತೆರೆಯುವ ಮೊದಲೇ ನಕ್ಕು ತಲೆಯಾಡಿಸಿದಳು.

ಮೇಡಂ ಆಸಿಡ್ ಬಾಟಲಿಗಳನ್ನೆಲ್ಲ ಬೀರುವಿಗೆ ಹಾಕಿಸಿ ಬೀಗ ಜಡಿಸಿದರು. ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿಸಿದರು.

‘ಇದೇನ್ ಮೇಡಂ, ಪ್ರಾಕ್ಟಿಕಲ್ಲೋ ಕಣ್ಣಾಮುಚ್ಚಾಲೆನೋ?’ ಎಂದ ಅಟೆಂಡರ್.

‘ಆಟಾನೇ ಅನ್ಕೊಳ್ಳಿ ಅಣ್ಣ. ನಲ್ಲಿ ಮುಟ್ಟೋವರೆಗೂ ಯಾರಿಗೂ ಪಾಠ ಇಲ್ಲ.’

ಹೊಸ ಹುಡುಗಿಯ ಕೈಯನ್ನು ತಾವೇ ಹಿಡಿದು ಬೆಂಚಿನ ಅಂಚು, ಗೋಡೆ, ನಲ್ಲಿ, ನೀರು ಎಲ್ಲವನ್ನೂ ಮುಟ್ಟಿಸಿದರು. ಒಂದೊಂದರ ಹೆಸರನ್ನೂ ಹೇಳಿದರು. ಹುಡುಗಿ ಎಲ್ಲದಕ್ಕೂ ತಲೆಯಾಡಿಸಿದಳು. ಅವಳನ್ನು ಮತ್ತೆ ಬೆಂಚಿನ ಹತ್ತಿರ ತಂದು ಬಿಟ್ಟು, ದೂರ ಹೋಗಿ ನಿಂತು, ‘ನೀರು!’ ಎಂದು ಕೂಗಿದರು.

ಹುಡುಗಿ ಎರಡೂ ಕೈ ಚಾಚಿಕೊಂಡು ಬಾಗಿಲ ಕಡೆ ಹೊರಟಳು.

ಅದೇ ಕೈ, ಅದೇ ದಾರಿ. ಹುಡುಗಿ ಬಾಗಿಲ ಹತ್ತಿರ ಹೋಗಿ ತಡಕಾಡಿ ನಿಂತಳು. ಮೊದಲ ಸಲ ತಲೆಯನ್ನು ಅಡ್ಡಡ್ಡ ಆಡಿಸಿದಳು.

‘ಮೇಡಂ... ನೀರು... ಎಲ್ಲಿ?’

ಮೇಡಂ ಓಡಿಹೋಗಿ ಆ ಕೈಗಳನ್ನು ಹಿಡಿದುಕೊಂಡರು. ‘ಇಲ್ಲಿ ಮಗಳೇ, ಬಾ, ಇಲ್ಲೇ ಇದೆ’ ಎಂದು ನಲ್ಲಿಯ ಬಳಿ ಕರೆತಂದು, ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಏನೂ ಆಗಿರದ ಆ ಕಣ್ಣುಗಳನ್ನು ತೊಳೆದರು. ತೊಳೆಯುತ್ತಲೇ ಇದ್ದರು. ‘ಸಾಕು ಬಿಡಿ ಮೇಡಂ, ಅವಳಿಗೇನೂ ಆಗಿಲ್ಲ’ ಎಂದು ಅಟೆಂಡರ್ ಬಂದು ಕೈ ಹಿಡಿದ ಮೇಲೂ ಅವರು ನಲ್ಲಿ ನಿಲ್ಲಿಸಲಿಲ್ಲ.